ಅಗಲಿದವರು ಕೂಡುವ ಕಾದಂಬರಿಯನ್ನು ಓದುವ ಬಗೆ

ನಾವು ಕಾದಂಬರಿ ಎಂದು ಕರೆಯುವ ಗ್ರಂಥಪ್ರಕಾರಕ್ಕೆ ಆ ಹೆಸರು ಬಂದುದು ಒಬ್ಬ ಕನ್ಯೆಯಿಂದ. ಹಿಂದಿ ಬಂಗಾಲಿಗಳಲ್ಲಿ ಇದನ್ನು ಉಪನ್ಯಾಸವೆಂದೂ, ಗುಜರಾತಿಯಲ್ಲಿ ನವಲಕಥೆಯೆಂದೂ, ತೆಲುಗಿನಲ್ಲಿ ನವಲವೆಂದೂ ಕರೆಯುವರು. ಕನ್ನಡಿಗರೂ ಮರಾಠಿಗರೂ ಬಾಣಭಟ್ಟನ ಕಥಾನಾಯಿಕೆಯ ಹೆಸರನ್ನೇ ಎತ್ತಿಕೊಂಡು ಇಡಿಯ ಪ್ರಕಾರಕ್ಕೆ ಇಟ್ಟರು. ಸೊಲ್ಲಾಪುರ, ಅಕ್ಕಲಕೋಟಗಳ ಸೀಮೆಯಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಶಾಲೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು ನುಡಿ ಬೀಳುವುದುಂಟು. ಈ ಒಂದು ಮಾತು ಮಾತ್ರ ಎರಡೂ ಕಡೆಯಲ್ಲಿ ಒಂದೇ ಆಗಿದೆ.

ಬಾಣನು 7ನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಸಂಸ್ಕೃತ ಕವಿ. ಅವನ ಕಾದಂಬರಿಯಲ್ಲಿ ಒಲಿದವರು ಅಗಲುತ್ತಾರೆ. ಜನ್ಮಗಳನ್ನು ದಾಟಿ ಮತ್ತೆ ಕೂಡುತ್ತಾರೆ. ಆದರೆ ಆ ಕೂಡುವಿಕೆಯನ್ನು ಬಾಣನು ಬರೆಯಲಿಲ್ಲ. ನಾಯಕ ನಾಯಿಕೆಯರು ದೂರವಾಗಿ, ಅವಳ ಸಂಕಟದ ಸುದ್ದಿ ಅವನಿಗೆ ಮುಟ್ಟುತ್ತಿರುವ ಹೊತ್ತಿನಲ್ಲಿಯೇ ಕವಿಯ ಆಯುಷ್ಯ ತೀರಿತು. ಉಳಿದ ಭಾಗವನ್ನು ಬರೆದು ಮುಗಿಸಿದವನು ಅವನ ಮಗ ಭೂಷಣಭಟ್ಟ. ಕಥೆ ಅರ್ಧಕ್ಕೆ ನಿಂತುದಕ್ಕಾಗಿ ಸಜ್ಜನರು ಪಡುವ ದುಃಖವನ್ನು ನೋಡಲಾರದೆ ತಾನು ಬರೆಯತೊಡಗಿದೆನೇ ಹೊರತು ಕವಿಯೆಂಬ ಹೆಮ್ಮೆಯಿಂದಲ್ಲವೆಂದು ಅವನು ಹೇಳಿಕೊಂಡಿದ್ದಾನೆ. ಅಗಲಿಕೆಯಲ್ಲಿ ಕಥೆ ನಿಂತುಬಿಟ್ಟರೆ ಓದುವವರ ಮನಸ್ಸು ಒಪ್ಪದೆಂಬುದು 1,300 ವರುಷಗಳ ಹಿಂದೆಯೇ ತಿಳಿದಿದ್ದ ಮಾತು. 10ನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮನು ಈ ಕಥೆಯನ್ನು 'ಕರ್ಣಾಟಕ ಕಾದಂಬರಿ' ಎಂಬ ಚಂಪುವಾಗಿ ಕನ್ನಡಕ್ಕೆ ತಂದನು.

ಚದುರಿದ ಮನೆಮಂದಿ ಕೊನೆಗೆ ಒಂದೆಡೆ ಸೇರುವ ಕಥೆಯನ್ನು ಓದುವಾಗ ನಮ್ಮ ಕಣ್ಣು ತುಂಬುವುದೇಕೆ? ಅಗಲುವಾಗ ಅಳದ ಓದುಗನು ಕೂಡುವಾಗ ಅಳುವುದೇಕೆ? ಇಂಥ ಪುಸ್ತಕಗಳನ್ನು ಹೇಗೆ ಓದಬೇಕು? ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಈ ವಿಷಯವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ನಮ್ಮ ಹಳೆಯ ಕಥೆಗಳನ್ನು ಮೊದಲು ನೆನೆಯೋಣ. ರಾಘವಾಂಕನು ಕನ್ನಡದಲ್ಲಿ ಹಾಡಿದ ಹರಿಶ್ಚಂದ್ರನ ಕಥೆಯಲ್ಲಿ ಗಂಡ ಹೆಂಡಿರು ಮತ್ತೆ ಮುಖಾಮುಖಿಯಾಗುವುದು ಸುಡುಗಾಡಿನಲ್ಲಿ. ಶಕುಂತಲೆಯ ಕಥೆಯಲ್ಲಿ ಮರೆವಿನ ಕದವನ್ನು ತೆರೆಯುವುದು ಒಂದು ಉಂಗುರ. ನಳನ ಕಥೆ ಇವೆರಡಕ್ಕಿಂತ ಮನೆಗೆ ಹತ್ತಿರವಾದುದು. ರೂಪಗೆಟ್ಟು ಬಾಹುಕನೆಂಬ ಹೆಸರಿನಿಂದ ಚಾಕರಿಯಲ್ಲಿದ್ದ ನಳನನ್ನು ದಮಯಂತಿಯು ಅವನು ಮಾಡಿದ ಅಡಿಗೆಯ ರುಚಿಯಿಂದ ಶೋಧಿಸುತ್ತಾಳೆ. ಬಳಿಕ ಮಕ್ಕಳನ್ನು ಅವನ ಬಳಿಗೆ ಕಳುಹುತ್ತಾಳೆ. ಮಕ್ಕಳನ್ನು ಕಂಡೊಡನೆ ಬಾಹುಕನು ಅವರನ್ನು ಅಪ್ಪಿಕೊಂಡು ಅಳುತ್ತಾನೆ. ಉಂಗುರವನ್ನು ಮೀನು ನುಂಗಬಹುದು; ಕೈಯಡಿಗೆಯ ರುಚಿಯನ್ನು ಯಾವ ಮೀನೂ ನುಂಗಲಾರದು!

ಕೂಡುವಿಕೆಗಾಗಿ ಕವಿಗಳು ಮೂಲಕಥೆಯನ್ನೇ ತಿದ್ದಿದುದೂ ಉಂಟು. ವಾಲ್ಮೀಕಿರಾಮಾಯಣದ ಉತ್ತರಕಾಂಡದಲ್ಲಿ ಸೀತೆ ಭೂಮಿಯೊಳಗೆ ಸೇರಿಹೋಗುತ್ತಾಳೆ. 8ನೆಯ ಶತಮಾನದ ಭವಭೂತಿಯು ತನ್ನ 'ಉತ್ತರರಾಮಚರಿತ'ದಲ್ಲಿ ರಾಮ, ಸೀತೆ, ಕುಶಲವರನ್ನು ಒಂದೆಡೆ ಸೇರಿಸಿದನು.

ನಮ್ಮ ದೇಶದ ಆಚೆಗೂ ಇದೇ ಹಂಬಲ. ಗ್ರೀಕರ ಮಹಾಕಾವ್ಯವಾದ 'ಓಡಿಸ್ಸಿ'ಯಲ್ಲಿ ಅರಸನಾದ ಓಡಿಸ್ಯೂಸನು 20 ವರುಷಗಳ ಮೇಲೆ ಮುದುಕ ಭಿಕ್ಷುಕನ ವೇಷದಲ್ಲಿ ತನ್ನ ಊರಿಗೆ ಬರುತ್ತಾನೆ. ಅವನು ಸಾಕಿದ ನಾಯಿ ಗುರುತು ಹಿಡಿದು ಬಾಲವಾಡಿಸಿ ಪ್ರಾಣ ಬಿಡುತ್ತದೆ. ಕಾಲು ತೊಳೆಯುವ ಮುದಿ ದಾದಿ ತೊಡೆಯ ಮೇಲಿನ ಹಳೆಯ ಗಾಯದ ಕಲೆಯನ್ನು ಮುಟ್ಟಿ ಒಡೆಯನನ್ನು ಅರಿಯುತ್ತಾಳೆ. ಇವು ಪ್ರಸಿದ್ಧ ಪ್ರಸಂಗಗಳು. ಆದರೆ ಸೊಲ್ಲಾಪುರದ ಮಗ್ಗಗಳ ಸಪ್ಪಳ ಕೇಳಿದ ನಮಗೆ ಹೆಚ್ಚು ಹಿಡಿಸಬೇಕಾದುದು ಅವನ ಹೆಂಡತಿ ಪೆನೆಲೋಪೆಯ ಸಂಗತಿ. ಗಂಡ ಸತ್ತನೆಂದು ಸಾರಿ, ಮರುಮದುವೆಗೆ ಪೀಡಿಸುವ ಗಂಡಸರ ಗುಂಪು ಮನೆಯಲ್ಲಿ ಬೀಡುಬಿಟ್ಟಿದೆ. ಮುದಿಮಾವನಿಗಾಗಿ ನೇಯುತ್ತಿರುವ ಬಟ್ಟೆ ಮುಗಿದ ಮೇಲೆ ಒಬ್ಬನನ್ನು ಆರಿಸುವೆನೆಂದು ಅವಳು ಹೇಳುತ್ತಾಳೆ. ಹಗಲೆಲ್ಲ ನೇಯುತ್ತಾಳೆ, ಇರುಳು ದೀಪ ಹಚ್ಚಿ ನೇಯ್ದುದನ್ನು ಬಿಚ್ಚುತ್ತಾಳೆ. ಹೀಗೆ ಮೂರು ವರುಷ ಕಳೆಯುತ್ತಾಳೆ. ಓಡಿಸ್ಯೂಸನು ದಾಟಿದ ಕಡಲುಗಳನ್ನು ಎಲ್ಲರೂ ಹೊಗಳುತ್ತಾರೆ. ಅವಳು ಬಿಚ್ಚಿದ ನೂಲಿನ ಲೆಕ್ಕವನ್ನು ಇಟ್ಟವರಾರು? ಮರಳಿ ಬರುವವನಿಗೆ ಬಂದು ಸೇರಲು ಒಂದು ಮನೆ ಉಳಿದುದು ಆ ನೂಲಿನಿಂದಲ್ಲವೇ?

ಈ ಲೇಖಕನ ಅಭಿಪ್ರಾಯದಲ್ಲಿ ಇಂಥ ಕಥೆಗಳ ಬೀಗದಕೈ ಇಲ್ಲಿಯೇ ಇದೆ. ಹೋದವನು ಬರುವ ದಾರಿ ಕಥೆಯ ಹೊರಮೈ. ಉಳಿದವರು ಕಾದ ಬಗೆ ಅದರ ಒಳಮೈ. ಕಾಯುವುದೆಂದರೆ ಕೈಕಟ್ಟಿ ಕೂಡುವುದಲ್ಲ; ಉಳುವುದು, ಬೀಸುವುದು, ಸಾಲ ತೀರಿಸುವುದು, ಮಗುವಿಗೆ ಹೋದವರ ಹೆಸರನ್ನು ಹೇಳಿಕೊಡುವುದು. ಕೊನೆಯ ಪುಟದಲ್ಲಿ ನಮ್ಮ ಕಣ್ಣು ತುಂಬಿದರೆ ಅದು ಆ ಪುಟದ ಮಾತುಗಳಿಂದಲ್ಲ. ಹಿಂದಿನ ನೂರಾರು ಪುಟಗಳಲ್ಲಿ ಯಾರೋ ಒಬ್ಬರು ಬಿಗಿಹಿಡಿದ ಉಸಿರನ್ನು ಅಲ್ಲಿ ಬಿಡುತ್ತಾರೆ. ಅವರೊಡನೆ ನಾವೂ ಬಿಡುತ್ತೇವೆ. ಅದಕ್ಕಾಗಿ ಕೆಲವು ವಿದ್ಯಾರ್ಥಿಗಳು ಮಾಡುವಂತೆ ಕೊನೆಯ ಪ್ರಕರಣವನ್ನು ಮೊದಲೇ ತೆರೆದು ನೋಡುವವರಿಗೆ ದಕ್ಕುವುದು ಬರಿಯ ಸುದ್ದಿ. ಇಂಥವರು ಇಂಥವರನ್ನು ಕಂಡರು ಎಂಬಷ್ಟನ್ನು ತಿಳಿಯುವುದಕ್ಕೆ ಕಾದಂಬರಿ ಏಕೆ ಬೇಕು?

ಕಾಯುವವರ ಸಾಹಿತ್ಯವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಭೀಮೆಯ ಆಚೆ ದಡದ ಸೀಮೆಯಲ್ಲಿ, ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿಯಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 'ಗರತಿಯ ಹಾಡು' ಎಂಬ ಹೆಸರಿನಿಂದ ಅವು 1931ರಲ್ಲಿ ಅಚ್ಚಾದವು. ತವರುಮನೆಯ ನೆನಪು, ಕರೆಯಲು ಬರಬೇಕಾದ ಅಣ್ಣತಮ್ಮಂದಿರ ದಾರಿ ನೋಡುವುದು, ಹಡೆದವ್ವನ ಹಂಬಲ ಇವೆಲ್ಲ ಆ ಹಾಡುಗಳ ಜೀವಾಳ. ಶ್ರಾವಣದಲ್ಲಿ ನಾಗಪಂಚಮಿಗೆ ತವರಿಗೆ ಬರುವ ಹೆಣ್ಣುಮಗಳು ನಮ್ಮ ಪ್ರತಿ ಓಣಿಯಲ್ಲಿಯೂ ಇದ್ದಾಳೆ. ವರುಷಕ್ಕೊಮ್ಮೆ ಅವಳು ಜೋಕಾಲಿ ಹತ್ತುವ ಆ ಕೆಲವು ದಿನಗಳಿಗೆ ಉಳಿದ ದಿನಗಳೆಲ್ಲ ಪೀಠಿಕೆಯಾಗಿರುತ್ತವೆ. ಇದನ್ನು ಮೂರು ಸಾಲಿನಲ್ಲಿ ಹೇಳಬಲ್ಲ ತಾಯಂದಿರ ಮೊಮ್ಮಕ್ಕಳು ನಾವು. ಮೂರು ಸಾಲಿನ ಹಾಡು ಒಂದು ಕ್ಷಣವನ್ನು ಹಿಡಿದರೆ, ಕಾದಂಬರಿಯು ಆ ಕ್ಷಣದ ಹಿಂದಿನ ವರುಷಗಳನ್ನೆಲ್ಲ ಹಿಡಿಯುತ್ತದೆ. ಇಷ್ಟೇ ವ್ಯತ್ಯಾಸ.

ಕನ್ನಡದಲ್ಲಿ ಆ ವರುಷಗಳನ್ನು ಹಿಡಿದ ಕೃತಿ ಯಾವುದೆಂದು ಕೇಳಿದರೆ ನಾನು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ತೋರಿಸುವೆನು. ಕಾರಂತರು 1902ರಲ್ಲಿ ದಕ್ಷಿಣ ಕನ್ನಡದ ಕೋಟದಲ್ಲಿ ಹುಟ್ಟಿ 1997ರವರೆಗೆ ಬಾಳಿದವರು. 1977ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಈ ಕಾದಂಬರಿ ಅದಕ್ಕಿಂತ ಬಹು ಹಿಂದಿನದು, 1940ರ ದಶಕದ ಮೊದಲ ವರುಷಗಳಲ್ಲಿ ಬಂದುದು. ಕಥೆ ನಡೆಯುವುದು ಕಡಲತಡಿಯ ಕೋಡಿ ಎಂಬ ಹಳ್ಳಿಯಲ್ಲಿ. ಒಂದು ಮನೆತನದ ಮೂರು ತಲೆಮಾರುಗಳ ಕಥೆ ಅದು.

ಮೊದಲ ತಲೆಮಾರಿನವನು ರಾಮ ಐತಾಳ, ಪೌರೋಹಿತ್ಯದವನು. ಹೆಂಡತಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ. ಮನೆಯ ದುಡಿತವೆಲ್ಲ ಈ ಇಬ್ಬರು ಹೆಂಗಸರದು. ಗದ್ದೆಯ ಕೆಲಸ, ಹಿತ್ತಿಲಿನ ತರಕಾರಿ, ಮಳೆಗಾಲಕ್ಕೆ ಕಟ್ಟಿಗೆಯನ್ನು ಕೂಡಿಡುವುದು, ನೆರೆ ಬಂದಾಗ ಹೊಳೆಯಲ್ಲಿ ತೇಲಿಬರುವ ಮರದ ತುಂಡುಗಳನ್ನು ಹಿಡಿಯುವುದು, ಇವುಗಳ ವರ್ಣನೆಗಾಗಿ ಕಾರಂತರು ಪುಟಗಟ್ಟಲೆ ನಿಲ್ಲುತ್ತಾರೆ. ಅವಸರದ ಓದುಗನು ಇಲ್ಲಿ ಬೇಸರಪಡುವನು. ಬೇಸರಪಡಬೇಡಿರಿ, ಮನೆ ಯಾವುದರಿಂದ ಕಟ್ಟಿದೆಯೆಂಬುದನ್ನು ಲೇಖಕರು ತೋರಿಸುತ್ತಿದ್ದಾರೆ. ಮನೆ ಮುರಿದಾಗ ಏನು ಮುರಿಯಿತೆಂಬುದು ಇದನ್ನು ಓದಿದವರಿಗೆ ಮಾತ್ರ ತಿಳಿದೀತು.

ಮಕ್ಕಳಿಲ್ಲವೆಂದು ಐತಾಳನು ಸತ್ಯಭಾಮೆಯನ್ನು ಎರಡನೆಯ ಮದುವೆಯಾಗುತ್ತಾನೆ. ಅವಳಲ್ಲಿ ಲಚ್ಚನೆಂಬ ಮಗ ಹುಟ್ಟುತ್ತಾನೆ. ಪಾರೋತಿಯು ಸವತಿಯ ಮಗನನ್ನು ತನ್ನ ಮಗನೆಂದೇ ಅಕ್ಕರೆಯಿಂದ ಕಾಣುತ್ತಾಳೆ. ನೆರೆಯ ಶೀನಮಯ್ಯನ ಮನೆಗೆ ಬೆಂಗಳೂರಿನ ಹೋಟೆಲಿನ ಹಣ ಬರತೊಡಗಿದುದನ್ನು ನೋಡಿ ಐತಾಳನಿಗೆ ಮತ್ಸರ. ಮಗನನ್ನು ಇಂಗ್ಲಿಷ್ ಓದಿಸಿ ದೊಡ್ಡವನನ್ನು ಮಾಡಬೇಕೆಂಬ ಹಟ. ಲಚ್ಚನು ಓದಲು ಹೋಗಿ ದುಶ್ಚಟಗಳನ್ನು ಕಲಿಯುತ್ತಾನೆ. ನಾಗವೇಣಿಯೆಂಬ ಗುಣವತಿಯನ್ನು ತಂದು ಮದುವೆ ಮಾಡಿದರೂ ತಿದ್ದಿಕೊಳ್ಳುವುದಿಲ್ಲ. ಮಗನ ಮೇಲಿನ ಭರವಸೆ ತೀರಿದ ಐತಾಳನು ಆಸ್ತಿಯನ್ನು ಸೊಸೆಗೆ ಬರೆದಿಡುತ್ತಾನೆ. ಲಚ್ಚನು ಅವಳನ್ನು ಮೋಸಗೊಳಿಸಿ ಅದನ್ನೂ ಕಳೆಯುತ್ತಾನೆ. ಮನೆತನ ಚದುರುತ್ತದೆ. ನಾಗವೇಣಿ ತನ್ನ ಚಿಕ್ಕ ಮಗನೊಡನೆ ಬಡತನದ ದಾರಿ ಹಿಡಿಯುತ್ತಾಳೆ. ಮಗನ ಹೆಸರು ಅಜ್ಜನದೇ, ರಾಮ.

ಮೂರನೆಯ ತಲೆಮಾರಿನ ಈ ರಾಮನು ಓದಲು ಮದರಾಸಿಗೆ ಹೋಗಿ, ಸ್ವಾತಂತ್ರ್ಯದ ಚಳವಳಿಯಲ್ಲಿ ಸೇರಿ ಸೆರೆಮನೆ ಕಾಣುತ್ತಾನೆ. ಆ ಮೇಲೆ ಓದನ್ನು ಮುಗಿಸಿ ಉದ್ಯೋಗಕ್ಕಾಗಿ ಮುಂಬಯಿಯವರೆಗೂ ಅಲೆಯುತ್ತಾನೆ. ದೊಡ್ಡ ಊರುಗಳು ಅವನಿಗೆ ಅನ್ನ ಕೊಡುವುದಿಲ್ಲ. ಕೊಟ್ಟರೂ ನೆಮ್ಮದಿ ಕೊಡುವುದಿಲ್ಲ. ಕಡೆಗೆ ಅವನು ಕೋಡಿಗೆ ಮರಳುತ್ತಾನೆ. ತಾಯಿ ಮಗ ಸೇರಿ ಹಾಳುಬಿದ್ದ ನೆಲೆಯನ್ನು ಮತ್ತೆ ಎಬ್ಬಿಸತೊಡಗುತ್ತಾರೆ. ತಾಯಿಯ ಪಿಟೀಲು ಮಗನ ಕೈಗೂ ಬಂದಿದೆ. ಕಡಲು ಮೊದಲಿನಂತೆಯೇ ಮೊರೆಯುತ್ತಿದೆ.

ಈಗ ಒಂದು ಪ್ರಶ್ನೆಯನ್ನು ಓದುಗರು ತಮ್ಮಲ್ಲಿಯೇ ಕೇಳಿಕೊಳ್ಳಲಿ. ರಾಮನಿಗೆ ಮರಳಲು ಕೋಡಿ ಎಂಬುದೊಂದು ಉಳಿದುದು ಯಾರಿಂದ? ಅಜ್ಜನ ಹಟದಿಂದಲ್ಲ, ತಂದೆಯಿಂದಂತೂ ಅಲ್ಲವೇ ಅಲ್ಲ. ಪಾರೋತಿ, ಸರಸೋತಿ, ನಾಗವೇಣಿ ಈ ಮೂವರು ನೆಲವನ್ನೂ ಮನಸ್ಸನ್ನೂ ಹಸನಾಗಿಟ್ಟುದರಿಂದ. ಮೊದಲ ಇಬ್ಬರಿಗೆ ಕೊನೆಯ ಸುಖದಲ್ಲಿ ಪಾಲಿಲ್ಲ. ಕಾದಂಬರಿಯನ್ನು ಮುಚ್ಚುವಾಗ ಸಂತೋಷದೊಡನೆ ಒಂದು ಮುಳ್ಳು ಉಳಿಯುವುದು ಈ ಕಾರಣದಿಂದ. ಎಲ್ಲರೂ ಬಂದು ಸೇರಿ ಎಲ್ಲವೂ ಸರಿಹೋಯಿತೆಂದು ಮುಗಿಯುವ ಕಾದಂಬರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳನ್ನು ಓದಿ ಒಂದು ಗಂಟೆ ಹಗುರಾಗುವುದರಲ್ಲಿ ತಪ್ಪಿಲ್ಲ. ಆದರೆ ಅವು ಎರಡನೆಯ ಸಲ ಕರೆಯುವುದಿಲ್ಲ. ಒಂದು ಕುರ್ಚಿ ತೆರವಾಗಿ ಉಳಿದ ಪಂಕ್ತಿಯೇ ನಿಜವಾದ ಮನೆಯ ಪಂಕ್ತಿ.

ಈ ಪುಸ್ತಕವನ್ನು ನಮ್ಮ ಸೀಮೆಯ ಮಕ್ಕಳು ಓದುವಾಗ ಎರಡು ತೊಡಕುಗಳುಂಟು. ಮೊದಲನೆಯದು ನೆಲದ ತೊಡಕು. ಅದು ವರುಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡು. ನಮ್ಮಲ್ಲಿ ಅದರ ಐದರಲ್ಲೊಂದು ಪಾಲು ಬಿದ್ದರೆ ಸುಭಿಕ್ಷವೆನ್ನುತ್ತೇವೆ. ಅಲ್ಲಿ ಗದ್ದೆ, ಇಲ್ಲಿ ಎರೆಹೊಲ. ಅಲ್ಲಿ ಗಂಜಿ, ಇಲ್ಲಿ ಜೋಳದ ರೊಟ್ಟಿ. ಅಲ್ಲಿ ನೀರು ಹೆಚ್ಚಾಗಿ ಬೆಳೆ ಕೊಳೆತರೆ ಇಲ್ಲಿ ನೀರಿಲ್ಲದೆ ಒಣಗುತ್ತದೆ. ಅಲ್ಲಿಯ ಆಡುಮಾತೂ ನಮ್ಮದಲ್ಲ. ಆದರೆ ಹತ್ತಿಪ್ಪತ್ತು ಪುಟಗಳು ಕಳೆದ ಮೇಲೆ ಕಿವಿ ಒಗ್ಗುತ್ತದೆ. ತಿಳಿಯದ ಮಾತನ್ನು ಗೆರೆಯೆಳೆದು ಮುಂದೆ ಹೋದರೆ ಬಹಳ ಸಲ ಅದು ತಾನೇ ತಿಳಿಯುತ್ತದೆ. ಎರಡನೆಯದು ವಯಸ್ಸಿನ ತೊಡಕು. ಲಚ್ಚನ ನಡತೆಯನ್ನೂ ಅದರಿಂದ ನಾಗವೇಣಿ ಅನುಭವಿಸಿದ ರೋಗವನ್ನೂ ಲೇಖಕರು ಮುಚ್ಚಿಟ್ಟಿಲ್ಲ. ಆದುದರಿಂದ ಇದು 9ನೆಯ ಇಯತ್ತೆಗಿಂತ ಕೆಳಗಿನವರ ಕೈಗೆ ಕೊಡುವ ಗ್ರಂಥವಲ್ಲ. ದೊಡ್ಡವರು ಮೊದಲು ತಾವು ಓದಿ, ಬಳಿಕ ಮಕ್ಕಳಿಗೆ ಕೊಡುವುದು ಲೇಸು.

ಇನ್ನು ಪಾಲಕರಿಗೆ ಒಂದು ಮಾತು. ನಮ್ಮ ಊರಿನ ಹೆಸರಿನಲ್ಲಿರುವ 'ಬುದ್ರುಕ' ಎಂಬ ಮಾತಿನ ಅರ್ಥ ದೊಡ್ಡದು ಎಂದು. ಒಂದು ಊರು ಎರಡಾದಾಗ ಹಿರಿಯ ಪಾಲಿಗೆ ಬುದ್ರುಕವೆಂದೂ ಕಿರಿಯ ಪಾಲಿಗೆ ಖುರ್ದವೆಂದೂ ಹೆಸರಿಡುವುದು ಈ ಪ್ರಾಂತದ ರೂಢಿ. ಮನೆಗಳಂತೆ ಊರುಗಳೂ ಪಾಲಾಗುತ್ತವೆ! ಈ ಕಡೆಯ ಹಳ್ಳಿಗಳಿಂದ ದುಡಿಮೆಗಾಗಿ ಜನರು ಹೊರಗೆ ಹೋಗುವುದು ಹೊಸದಲ್ಲ. ಸೊಲ್ಲಾಪುರದ ಬಟ್ಟೆಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದರು; ಮುಂಬಯಿ ಪುಣೆಗಳಿಗೆ ಹೋದರು, ಇಂದಿಗೂ ಹೋಗುತ್ತಾರೆ. ಮಳೆ ಕೈಕೊಟ್ಟ ವರುಷ ಕಬ್ಬು ಕಡಿಯಲು ಗುಳೆ ಹೋಗುವ ಸಂಸಾರಗಳೂ ಉಂಟು. ತಂದೆತಾಯಿಗಳು ದೂರವಿದ್ದು ಅಜ್ಜಿಯ ಬಳಿ ಉಳಿದು ಶಾಲೆಗೆ ಬರುವ ಮಕ್ಕಳು ಯಾವ ಊರಿನ ತರಗತಿಯಲ್ಲಿ ಇಲ್ಲ? ಅಂಥ ಮಗುವಿನ ಕೈಗೆ ಅಗಲಿದವರು ಕೂಡುವ ಕಥೆಯನ್ನು ಕೊಡುವುದು ಸರಿಯೇ, ಗಾಯವನ್ನು ಕೆದಕಿದಂತೆ ಆಗದೇ, ಎಂದು ಕೆಲವರು ಸಂದೇಹಪಡುತ್ತಾರೆ. ಇದು ಲಘುವಾದ ಸಂದೇಹವಲ್ಲ. ಬರಬೇಕಾದವರು ಎಂದಿಗೂ ಬರದಂಥ ಮನೆಗಳೂ ಉಂಟಷ್ಟೆ.

ಕೊಡಬೇಕೆಂಬುದೇ ನನ್ನ ಮತ. ಆದರೆ ಒಂಟಿಯಾಗಿ ಓದಿಸಬಾರದು. ಸಂಜೆ ಊಟವಾದ ಮೇಲೆ ದಿನಕ್ಕೊಂದು ಪ್ರಕರಣವನ್ನು ಮಗು ಗಟ್ಟಿಯಾಗಿ ಓದಲಿ, ಮನೆಯವರೆಲ್ಲ ಕೇಳಲಿ. ಅಕ್ಷರ ಬಾರದ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಪುರಾಣ ಕೇಳಿ ಪಳಗಿದ ಕಿವಿ ಅವಳದು; ಕಥೆಯಲ್ಲಿ ಯಾರು ಸುಳ್ಳಾಡುತ್ತಿದ್ದಾರೆಂಬುದನ್ನು ಪರೀಕ್ಷೆಯಲ್ಲಿ ಮೊದಲನೆಯವನಾದ ಮೊಮ್ಮಗನಿಗಿಂತ ಮೊದಲೇ ಹೇಳಬಲ್ಲಳು. ಮುಂದೇನಾದೀತೆಂದು ಅವಳನ್ನು ಕೇಳಿರಿ. ಹಾಗೆ ಓದಿದಾಗ, ಹೇಳಲಾರದೆ ಒಳಗಿಟ್ಟುಕೊಂಡ ಮಾತನ್ನು ಮಗು ಕಥೆಯ ಹುಡುಗನ ನೆಪದಿಂದ ಆಡುವುದುಂಟು. ಅಪ್ಪನು ದೀಪಾವಳಿಗೆ ಬರುವನೇ ಎಂದು ಕೇಳಲು ಅಂಜುವ ಮಗು, ಈ ಹುಡುಗನ ಅಪ್ಪನು ಏಕೆ ಬರಲಿಲ್ಲ ಎಂದು ನಿರ್ಭಯವಾಗಿ ಕೇಳುತ್ತದೆ. ಆಗ ಪುಸ್ತಕವನ್ನು ಮಗುಚಿಟ್ಟು ಉತ್ತರ ಹೇಳುವುದು ದೊಡ್ಡವರ ಕೆಲಸ.

ಕನ್ನಡದಲ್ಲಿಯೇ ಏಕೆ ಎಂದು ಕೇಳುವವರಿಗೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ನೆನಪಿಸಬೇಕು. ಅವರ ಶಾಲೆಯ ಕಲಿಕೆ ಮರಾಠಿಯಲ್ಲಿ ಆದುದು. ಕನ್ನಡವನ್ನು ಅವರು ಬಳಿಕ ಸ್ವಂತ ಪ್ರಯತ್ನದಿಂದ ಕಲಿತು 'ಶ್ರೀ ಸಿದ್ಧರಾಮ ಪುರಾಣ'ವನ್ನು ಬರೆದರು. 1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವನ್ನೇರಿದ ಮೊದಲ ಮಹಿಳೆಯೂ ಆದರು. ಮರಾಠಿಯನ್ನು ಅವರು ಬಿಡಲಿಲ್ಲ. ಅದರಲ್ಲಿಯೂ ಬರೆದರು.

ಚಿಕ್ಕ ಇಯತ್ತೆಗಳ ಮಕ್ಕಳಿಗೆ 'ಮರಳಿ ಮಣ್ಣಿಗೆ' ಭಾರವಾಗುವುದಷ್ಟೆ. ಅವರಿಗೆ ಹೇಳಬಹುದಾದ ಒಂದು ಕಥೆ ಫ್ರಾನ್ಸ್ ದೇಶದ್ದು. ಎಕ್ತರ್ ಮಾಲೋ ಎಂಬ ಲೇಖಕನು 1878ರಲ್ಲಿ ಪ್ರಕಟಿಸಿದ ಆ ಕಾದಂಬರಿಯ ಹೆಸರಿನ ಅರ್ಥ, ಮನೆಮಂದಿಯಿಲ್ಲದವನು ಎಂದು. ದೊಡ್ಡವರು ಅದನ್ನು ನಾಲ್ಕಾರು ಸಂಜೆಗಳಲ್ಲಿ ಬಾಯಿಂದಲೇ ಹೇಳಬಹುದು. ಕಥೆ ಹೀಗಿದೆ.

ಒಂದು ಬಡ ಹಳ್ಳಿಯಲ್ಲಿ ಬಾರ್ಬರೆಂ ಎಂಬವನ ಹೆಂಡತಿ ರೆಮಿ ಎಂಬ ಹುಡುಗನನ್ನು ಸಾಕುತ್ತಿದ್ದಾಳೆ. ಗಂಡನು ಕಲ್ಲುಕೆಲಸಕ್ಕಾಗಿ ದೂರದ ಪ್ಯಾರಿಸ್ ನಗರದಲ್ಲಿದ್ದು ಹಣ ಕಳುಹುವವನು. ನಮ್ಮ ಕಡೆಯ ಗೌಂಡಿಗಳು ಪುಣೆಗೆ ಹೋದಂತೆಯೇ. ಅಲ್ಲಿ ಅವನಿಗೆ ಪೆಟ್ಟು ಬೀಳುತ್ತದೆ, ಖಟ್ಲೆಗೆ ಹಣ ಬೇಕಾಗುತ್ತದೆ. ಮನೆಯಲ್ಲಿದ್ದ ಒಂದೇ ಆಕಳನ್ನು ಮಾರುತ್ತಾರೆ. ಆಕಳು ಹೋದ ಮೇಲೆ ಹಬ್ಬ ಬರುತ್ತದೆ. ಹಬ್ಬದ ದಿನ ತೆಳುದೋಸೆ ಮಾಡುವುದು ಅಲ್ಲಿಯ ಪದ್ಧತಿ. ತಾಯಿ ಒಬ್ಬರಿಂದ ಹಾಲು, ಇನ್ನೊಬ್ಬರಿಂದ ಬೆಣ್ಣೆ ಕಡ ತಂದು ಹಿಟ್ಟು ಕಲಸುತ್ತಾಳೆ. ಕಾವಲಿ ಕಾಯುತ್ತಿರುವಾಗಲೇ ಗಂಡನು ಬಂದಿಳಿದು, ದೋಸೆಯನ್ನು ನಿಲ್ಲಿಸಿ ಆ ಬೆಣ್ಣೆಯಲ್ಲಿ ತನಗೆ ಉಳ್ಳಾಗಡ್ಡಿಯ ಸಾರು ಮಾಡಿಸುತ್ತಾನೆ. ರೆಮಿ ತಮ್ಮ ಮಗನಲ್ಲ, ಪ್ಯಾರಿಸ್ಸಿನ ಬೀದಿಯಲ್ಲಿ ಸಿಕ್ಕ ಕೂಸು ಎಂಬ ಗುಟ್ಟು ಆ ರಾತ್ರಿಯೇ ಬಯಲಾಗುತ್ತದೆ. ಮರುದಿನ ಬಾರ್ಬರೆಂ ಎಂಟು ವರುಷದ ಹುಡುಗನನ್ನು ವಿತಾಲಿಸ್ ಎಂಬ ಮುದುಕ ಆಟಗಾರನಿಗೆ 40 ಫ್ರಾಂಕುಗಳಿಗೆ ಒಪ್ಪಿಸಿಬಿಡುತ್ತಾನೆ. ತಾಯಿ ಆಗ ಮನೆಯಲ್ಲಿಲ್ಲ.

ವಿತಾಲಿಸನ ಜತೆಯಲ್ಲಿ ಮೂರು ನಾಯಿಗಳು, ಒಂದು ಮಂಗ. ಊರೂರು ತಿರುಗಿ ಹಾಡಿ ಆಡಿ ಹೊಟ್ಟೆ ಹೊರೆಯುತ್ತ ಆ ಮುದುಕನೇ ಹುಡುಗನಿಗೆ ಓದು ಬರಹ ಸಂಗೀತ ಕಲಿಸುತ್ತಾನೆ. ಎರಡು ನಾಯಿಗಳು ತೋಳಗಳ ಪಾಲಾಗುತ್ತವೆ, ಮಂಗ ಚಳಿಗೆ ಸಾಯುತ್ತದೆ, ಕಡೆಗೆ ಮುದುಕನೂ ಹಿಮದಲ್ಲಿ ತೀರಿಕೊಳ್ಳುತ್ತಾನೆ. ಉಳಿದುದು ಕಾಪಿ ಎಂಬ ನಾಯಿ ಒಂದೇ. ಮುಂದೆ ರೆಮಿಗೆ ಇಟಲಿಯ ಮಾತ್ತಿಯ ಎಂಬ ಬಡ ಹುಡುಗ ಗೆಳೆಯನಾಗುತ್ತಾನೆ. ಇಬ್ಬರೂ ವಾದ್ಯ ನುಡಿಸುತ್ತ ಕಾಸಿಗೆ ಕಾಸು ಕೂಡಿಸುತ್ತಾರೆ. ಏಕೆ ಗೊತ್ತೇ? ಸಾಕುತಾಯಿಗೆ ಒಂದು ಆಕಳನ್ನು ಕೊಳ್ಳಲು.

ಮಾಲೋ ಈ ಆಕಳಿನ ವ್ಯಾಪಾರವನ್ನು ಬರೆದ ಬಗೆಯನ್ನು ದನದ ಸಂತೆ ಬಲ್ಲ ನಮ್ಮವರು ಮೆಚ್ಚಿಯೇ ಮೆಚ್ಚುವರು. ಹುಡುಗರು ಮೋಸ ಹೋಗಬಾರದೆಂದು ದನದ ವೈದ್ಯನೊಬ್ಬನನ್ನು ಜತೆಗೆ ಕರೆದೊಯ್ಯುತ್ತಾರೆ. ಆಕಳನ್ನು ಕೊಂಡು ಹೊಡೆದುಕೊಂಡು ಹೋಗುವಾಗ, ಅದಕ್ಕೂ ಸಂಗೀತ ಹಿಡಿಸೀತೆಂದು ಮಾತ್ತಿಯನು ಕೊಂಬು ಊದುತ್ತಾನೆ. ಆಕಳು ಬೆದರಿ ಓಟ ಕೀಳುತ್ತದೆ. ಹಿಡಿದವರು ಇವರನ್ನೇ ಕಳ್ಳರೆಂದು ಬಗೆದು ಸೆರೆಯಲ್ಲಿಡುತ್ತಾರೆ. ಆ ವೈದ್ಯನ ಸಾಕ್ಷ್ಯದಿಂದ ಬಿಡುಗಡೆಯಾಗುತ್ತದೆ. ಊರು ಸೇರಿದಾಗ ತಾಯಿ ಮನೆಯಲ್ಲಿಲ್ಲ. ಆಕಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ರೆಮಿ ಮೊದಲಿನಂತೆ ಒಲೆಯ ಬಳಿ ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತಾನೆ. ಅವಳು ಒಳಗೆ ಬಂದು ಅವನನ್ನು ಕಾಣುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಕೊಟ್ಟಿಗೆಯಿಂದ ಅಂಬಾ ಎಂಬ ದನಿ ಕೇಳಿಸುತ್ತದೆ. ಹುಡುಗರು ಬೆಣ್ಣೆಯನ್ನೂ ಹಿಟ್ಟನ್ನೂ ತಂದಿದ್ದಾರೆ. ಅಂದು ನಿಂತ ದೋಸೆ ಇಂದು ಆಗುತ್ತದೆ.

ರೆಮಿಗೆ ಹೆತ್ತ ತಾಯಿಯೂ ಮುಂದೆ ದೊರೆಯುತ್ತಾಳೆ. ಅವಳು ಶ್ರೀಮಂತಳು, ಕೂಸಾಗಿದ್ದಾಗ ಅವನನ್ನು ಕದ್ದು ಬಿಸುಟಿದ್ದರು. ಪುಸ್ತಕದ ಕೊನೆಯ ಗಂಟು ಬಿಚ್ಚುವುದು ಆಗಲೇ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಆ ಅರಮನೆಯಂಥ ಮನೆಯಲ್ಲ, ಒಲೆಯ ಮುಂದಿನ ಈ ದೋಸೆ. ಲೇಖಕನಿಗೂ ಅದು ತಿಳಿದಿತ್ತೆಂದು ತೋರುತ್ತದೆ. ಕೊನೆಯ ಪ್ರಕರಣದಲ್ಲಿ ಅವನು ಬಾರ್ಬರೆಂ ತಾಯಿಯನ್ನು ಮರೆತಿಲ್ಲ. ರೆಮಿಗೆ ಹುಟ್ಟಿದ ಕೂಸಿಗೆ ಗೆಳೆಯನ ಹೆಸರನ್ನೇ ಇಟ್ಟಿದ್ದಾರೆ. ಕೂಸನ್ನು ಎತ್ತಿ ಆಡಿಸುವವಳು ಅವಳೇ.

ಆ ದಿನ ಹಿಂದೆ ಅವರಿಗೆ ಉಪಕಾರ ಮಾಡಿದವರೆಲ್ಲ ನೆರೆದಿದ್ದಾರೆ. ಮಾತ್ತಿಯ ಈಗ ಹೆಸರುವಾಸಿಯಾದ ಪಿಟೀಲುಗಾರ. ಹಳೆಯ ದಿನಗಳಂತೆ ಅವನು ವಾದ್ಯ ನುಡಿಸುತ್ತಾನೆ. ಮುದಿಯಾದ ಕಾಪಿ ಬಟ್ಟಲನ್ನು ಬಾಯಲ್ಲಿ ಕಚ್ಚಿಕೊಂಡು, ಹಿಂದೆ ಸಂತೆಗಳಲ್ಲಿ ಮಾಡುತ್ತಿದ್ದಂತೆಯೇ, ಒಬ್ಬೊಬ್ಬ ಅತಿಥಿಯ ಮುಂದೆಯೂ ನಿಲ್ಲುತ್ತದೆ. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯುವ ಚಿಕ್ಕ ಮಕ್ಕಳಿಗಾಗಿ ಒಂದು ಆಶ್ರಯವನ್ನು ಕಟ್ಟಬೇಕೆಂದು ರೆಮಿ ಸೂಚಿಸುತ್ತಾನೆ. ಬಟ್ಟಲಲ್ಲಿ ಬಿದ್ದ ನಾಣ್ಯಗಳೇ ಅದರ ಮೊದಲ ನಿಧಿ.